ಶಿವನಸಮುದ್ರ
ಮಂಡ್ಯ ಜಿಲ್ಲೆಯ ಮಳವಳ್ಳಿಗೂ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲಕ್ಕೂ ನಡುವೆ ಇರುವ ಕಾವೇರಿಯ ನಡುಗಡ್ಡೆ. ಇಲ್ಲಿ ಕವಲೊಡೆಯುವ ನದಿ ಪಶ್ಚಿಮಕ್ಕೆ ಗಗನಚುಕ್ಕಿಯಾಗಿ, ಪೂರ್ವಕ್ಕೆ ಭರಚುಕ್ಕಿಯಾಗಿ ಧುಮುಕಿ, ಕೆಳಗೆ ಮತ್ತೆ ಒಂದಾಗುತ್ತದೆ. ಗಗನಚುಕ್ಕಿಯ ಎತ್ತರ 90 ಮೀಟರಿಗೂ ಹೆಚ್ಚು. ಸುತ್ತಲಿನ ನೆಲ ಮಳೆ ಕಡಿಮೆಯ ಬಯಲುಸೀಮೆ. ಗುಡ್ಡಗಳಲ್ಲಿ ಕುರುಚಲು ಕಾಡು, ಹೊಳೆದಂಡೆಯಲ್ಲಿ ಹೊಳೆಮತ್ತಿ ಮರಗಳು. ಜಲಪಾತಗಳನ್ನು ತುಂಬಿಸುವುದು ಕೊಡಗು, ವಯನಾಡಿನ ಮುಂಗಾರು. ಬೇಸಿಗೆಯಲ್ಲಿ ಬರಿಯ ಬಂಡೆಗಳೇ ಕಾಣುತ್ತವೆ. ಮದ್ದೂರಿನ ಮೂಲಕ ಹರಿದು ಬರುವ ಶಿಂಷಾ ನದಿ ಇನ್ನೂ ಕೆಳಗೆ ಕಾವೇರಿಯನ್ನು ಸೇರುತ್ತದೆ. ನಡುಗಡ್ಡೆಯಲ್ಲಿ ಮಧ್ಯರಂಗ ಎಂದು ಹೆಸರಾದ ರಂಗನಾಥನ ಗುಡಿಯಿದೆ. 'ಬ್ಲಫ್' ಎಂದು ಜನ ಕರೆಯುವ ಇಲ್ಲಿನ ಜಲವಿದ್ಯುತ್ ಕೇಂದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ, 1905ರಲ್ಲಿ ಬೆಂಗಳೂರಿಗೆ ವಿದ್ಯುತ್ ಹರಿಯಿತು.