ಮುದ್ದೆ ಎಷ್ಟ ಬರೀಬೇಕ್ರಿ, ಸರ್?

ಬೆಂಗಳೂರು ಕಡೆಯವರಿಗೆ ಮುದ್ದೆ ಅಂದರೆ ರಾಗಿಯದು. ಮಹಾರಾಷ್ಟ್ರದ ಜತ್ತ ತಾಲೂಕಿನ ನಮ್ಮ ಅಸಂಗಿ ಕಡೆಯ ಕನ್ನಡ ಶಾಲೆಯ ಹುಡುಗರಿಗೆ ಅದು ಮರಾಠಿಯ ‘ಮುದ್ದಾ’ದ ಬಹುವಚನ, ಪ್ರಬಂಧಕ್ಕೆ ಮುಂಚೆ ಹಾಕಿಕೊಳ್ಳುವ ಅಂಶಗಳು. ಹತ್ತನೆಯವರಿಗೆ ಇತಿಹಾಸ ಕಲಿಸುವ ನನಗೆ ಪ್ರತಿ ವರ್ಷ ಬೀಳುವ ಮೊದಲ ಪ್ರಶ್ನೆ ಇದೇ: “ಮುದ್ದೆ ಎಷ್ಟ ಬರೀಬೇಕ್ರಿ, ಸರ್?”

ರಾಜ್ಯದ ಪಠ್ಯಪುಸ್ತಕ ಮಂಡಳಿ ಬಾಲಭಾರತಿಯ ಕನ್ನಡ ಮಾಧ್ಯಮದ ಇತಿಹಾಸ ಪುಸ್ತಕದ ಮೊದಲ ಪಾಠವೇ ಇತಿಹಾಸ ಬರೆಯುವುದರ ಬಗ್ಗೆ. ರಾಂಕೆ, ಮಾರ್ಕ್ಸ್, ಫುಕೋ ಎಲ್ಲರೂ ಬಾಯಿಪಾಠ. ಆದರೆ ಜತ್ತದ ಬಗ್ಗೆ ಬರೆಯಿರಿ ಅಂದರೆ ಪೀಠಿಕೆಗೆ ಡಫಳೆ ಅರಸರು, ನಡುವೆ 1948ರ ಮಾರ್ಚ್ 8ರಂದು ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿದ್ದು, ಉಪಸಂಹಾರಕ್ಕೆ ‘ಹೀಗೆ ನಮ್ಮ ತಾಲೂಕು ವೈಭವಶಾಲಿ’. ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಮಕ್ಕಳು ಬರೆಯುವ ವೈಭವ ಅದು!

ಹೋದ ವರ್ಷ ವಿಷಯ ಬದಲಿಸಿದೆ: ‘ಜತ್ತದ ಇತಿಹಾಸದಲ್ಲಿ ನೀರು’. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಚೀಟಿ ಮಾಡಿಸಿದೆ. ಒಂದು ಚೀಟಿಗೆ ಒಂದೇ ಸಂಗತಿ. ಎಲ್ಲವನ್ನೂ ನೆಲದ ಮೇಲೆ ಹರವಿದೆವು.

ಮೊದಲು ಸಿಕ್ಕಿದ್ದು ಉಮರಾಣಿ. 1673ರ ಏಪ್ರಿಲ್. ಮರಾಠರು ಹಿಂದಿನ ತಿಂಗಳಷ್ಟೇ ಪನ್ಹಾಳ ಗೆದ್ದಿದ್ದರು. ಅದನ್ನು ಮರಳಿ ಪಡೆಯಲು ಹೊರಟ ವಿಜಾಪುರದ ಸರದಾರ ಬಹಲೋಲ್ ಖಾನನನ್ನು ಶಿವಾಜಿಯ ಸೇನಾಪತಿ ಪ್ರತಾಪರಾವ್ ಗುಜರ್ ನಮ್ಮ ತಾಲೂಕಿನ ಈ ಊರಲ್ಲಿ ತಡೆದ. ಅವನ ದೊಡ್ಡ ಆಯುಧ ಕತ್ತಿಯಲ್ಲ. ಖಾನನ ದಂಡಿಗೆ ನೀರಿನ ದಾರಿಯನ್ನೇ ಕಟ್ಟಿಬಿಟ್ಟ. ಬಾಯಾರಿದ ಖಾನ ಶರಣಾದ. ಪ್ರತಾಪರಾವ್ ಅವನನ್ನು ಬಿಟ್ಟುಕಳಿಸಿದ, ಶಿವಾಜಿ ಸಿಟ್ಟಾದರು. ಮರುವರ್ಷ ಫೆಬ್ರವರಿ 24ರಂದು ಅದೇ ಖಾನನ ಎದುರು ನೇಸರಿಯಲ್ಲಿ ಪ್ರತಾಪರಾವ್ ಸತ್ತ. ಹುಡುಗರಿಗೆ ನೇಸರಿಯಲ್ಲಿ ಖಾನನ ದಂಡಿನ ಮೇಲೆ ನುಗ್ಗಿದ ಏಳು ಸವಾರರ ಕಥೆ ಗೊತ್ತು. ಅದರ ಬೇರು ಪಕ್ಕದೂರಿನ ಬೇಸಿಗೆಯಲ್ಲಿದೆ ಅನ್ನುವುದು ಗೊತ್ತಿರಲಿಲ್ಲ.

ಮಹತ್ವದ ಪ್ರಕಾರ ಜೋಡಿಸಿರಿ ಅಂದಾಗ ಎಲ್ಲರೂ 1673ನ್ನು ಮೇಲಿಟ್ಟರು. ಒಬ್ಬ ಹುಡುಗಿ ಮಾತ್ರ 1972ರ ಬರದ ಚೀಟಿಯನ್ನು ಅದಕ್ಕಿಂತ ಮೇಲಕ್ಕೆ ಸರಿಸಿದಳು. ಯಾಕವ್ವಾ ಅಂದೆ. “ನಮ್ಮ ಆಯಿ ಬರದ ಕೆಲಸಕ್ಕ ಖಡಿ ಒಡ್ಯಾಕ ಹೋಗಿದ್ಲರಿ, ತಿನ್ನಾಕ ಸುಕಡಿ ಕೊಡತಿದ್ರಂತ. ಅಕಿ ಅದಾಳ, ಕೇಳಬಹುದು. ಖಾನನ್ನ ಹೆಂಗ ಕೇಳೂದು?” ಮೂಲ ಆಧಾರಕ್ಕೇ ಹೋಗಬೇಕೆಂಬ ರಾಂಕೆಯ ಪಾಠ ಇಷ್ಟು ಚಲೋ ಅರ್ಥವಾದವರನ್ನು ನಾನು ಕಂಡಿಲ್ಲ.

ಆಮೇಲೆ ಯಾವ ಚೀಟಿ ಉಳಿಸಬೇಕು, ಯಾವುದು ಬಿಡಬೇಕು ಎಂದು ಶುರುವಾಯಿತು ಜಗಳ. ಉಮದಿಯ ಹುಡುಗನಿಗೆ ತಮ್ಮೂರ ಸಂತ ಭಾವುಸಾಹೇಬ ಮಹಾರಾಜರ ಚೀಟಿ ತೆಗೆಯಲು ಮನಸ್ಸಿಲ್ಲ. ಇನ್ನೊಬ್ಬ ‘ಅಸಂಗಿ ಜತ್, ಅಸಂಗಿ ತುರ್ಕ್: ಎರಡು ಯಾಕೆ?’ ಎಂದು ಬರೆದಿದ್ದ. ಪ್ರಶ್ನೆ ಲಾಖ ಮಾತಿಂದು, ಆದರೆ ಈ ಪ್ರಬಂಧದ್ದಲ್ಲ. ಸೇರಿಸುವುದಕ್ಕಿಂತ ಬಿಡುವುದಕ್ಕೇ ಎದೆಗಾರಿಕೆ ಬೇಕು. ಎರಡು ತಾಸು ಅದಕ್ಕೇ ಹೋಯಿತು.

ಗಡಿಯ ಚೀಟಿ ಎರಡು ಉಳಿದವು. 1967ರ ಮಹಾಜನ ವರದಿ ಜತ್ತ ತಾಲೂಕಿನ ಹಲವು ಊರುಗಳನ್ನು ಮೈಸೂರಿಗೆ ಕೊಡಬೇಕೆಂದದ್ದು ಭಾಷೆಯ ಲೆಕ್ಕದಲ್ಲಿ. ಆದರೆ 2022ರಲ್ಲಿ ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬೊಮ್ಮಾಯಿ ನೆನಪಿಸಿದ, ಕರ್ನಾಟಕ ಸೇರುತ್ತೇವೆಂಬ ಇಲ್ಲಿನ ಪಂಚಾಯಿತಿಗಳ ಠರಾವು ಹುಟ್ಟಿದ್ದು ಒಣಗಿದ ಗಂಟಲಲ್ಲಿ. ಹುಡುಗಿ ಆ ಎರಡು ಚೀಟಿಗಳ ನಡುವೆ ತನ್ನ ಆಯಿಯದನ್ನು ಇಟ್ಟು ನೋಡಿದಳು, ಮತ್ತೆ ಮೇಲಕ್ಕೇ ಒಯ್ದಳು. ಕೊನೆಗೆ ಉಳಿದ ಚೀಟಿ ನಾಲ್ಕು. ಮುದ್ದೆ ಎಷ್ಟು ಅನ್ನುವುದಕ್ಕೆ ಉತ್ತರವೂ ಅದೇ ಆಯಿತು.

ಸಂಖ, ಉಮದಿ, ತಿಕ್ಕುಂಡಿ ಕಡೆಯ ಓದುಗರಲ್ಲಿ ಒಂದು ಮಾತು. ಖಡಿ ಒಡೆದ ಆಯಿ, ಮುತ್ಯಾ ಇನ್ನೂ ಮನೆಯಲ್ಲಿದ್ದರೆ ಈ ಬೇಸಿಗೆಯಲ್ಲೇ ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂಡಿಸಿರಿ. ಕೈಯಲ್ಲಿ ಒಂದು ವಹಿ ಕೊಡಿರಿ.