ಕಿತ್ತಳೆ ಹುಳದೊಳಗಿನ ಮೂವರು ಬಾಡಿಗೆದಾರರು: ಹೆಸರಿಗಾಗಿ ಕಾದ ಬ್ಯಾಕ್ಟೀರಿಯಾಗಳ ಕಥೆ

📌 1/6

ಮನೆ ಹಿತ್ತಲಲ್ಲಿ ಕರಿಬೇವಿನ ಗಿಡ ಇದ್ಯಾ? ಇದ್ರೆ ನಾಳೆ ಬೆಳಗ್ಗೆ ಅದರ ಎಳೆ ಚಿಗುರನ್ನ ಒಂದ್ಸಲ ಹತ್ತಿರದಿಂದ ನೋಡಿ. ಮೂರ್ನಾಲ್ಕು ಮಿಲಿಮೀಟರ್ ಉದ್ದದ, ಕಂದು ಚುಕ್ಕೆ ರೆಕ್ಕೆಯ ಹುಳ ಕಾಣಬಹುದು. ತಲೆ ತಗ್ಗಿಸಿ, ಹಿಂಭಾಗ ಮೇಲಕ್ಕೆತ್ತಿ, ಓರೆಯಾಗಿ ಕೂತಿರುತ್ತೆ. ಮುಳ್ಳು ಚುಚ್ಚಿಕೊಂಡಂತೆ ಕಾಣೋ ಈ ಕೀಟದ ಹೆಸರು ಸಿಟ್ರಸ್ ಸಿಲ್ಲಾ. ಕಿತ್ತಳೆ, ನಿಂಬೆ, ಮೋಸಂಬಿ, ಕರಿಬೇವು ಎಲ್ಲಾ ಇದಕ್ಕೆ ಇಷ್ಟ. ಚಿಗುರಿನ ರಸ ಹೀರಿ ಬದುಕುತ್ತೆ.

ಈ ಹುಳಕ್ಕೆ ಹೆಸರು ಸಿಕ್ಕಿದ್ದು ಬಹಳ ಸುಲಭವಾಗಿ. 1908ರಲ್ಲಿ ಜಪಾನಿನ ಕುವಾಯಾಮಾ ಅನ್ನೋ ಕೀಟಶಾಸ್ತ್ರಜ್ಞ ಇದನ್ನು ವಿವರಿಸಿ 'ಡಯಾಫೊರೈನಾ ಸಿಟ್ರಿ' ಅಂತ ಕರೆದರು. ಕೀಟಕ್ಕೆ ಹೆಸರಿಡೋಕೆ ಒಂದು ಸತ್ತ ಮಾದರಿ ಸಾಕು. ಮ್ಯೂಸಿಯಂನಲ್ಲಿ ಅದನ್ನ ಭದ್ರವಾಗಿಟ್ಟು, ಲಕ್ಷಣ ಬರೆದು, ಪ್ರಕಟಿಸಿದ್ರೆ ಮುಗೀತು.

ಆದ್ರೆ ಆ ಹುಳದ ಒಳಗೆ ಬಾಡಿಗೆಗೆ ಇರೋ ಬ್ಯಾಕ್ಟೀರಿಯಾಗಳಿಗೆ ಹೆಸರು ಸಿಗೋದು ಇಷ್ಟು ಸುಲಭ ಆಗಲಿಲ್ಲ. ಅವುಗಳಲ್ಲೊಂದು ಜಗತ್ತಿನ ಕಿತ್ತಳೆ ತೋಟಗಳನ್ನೇ ನುಂಗುತ್ತಿದೆ. ನಮ್ಮ ಕೊಡಗಿನ ಕಿತ್ತಳೆಯನ್ನೂ ಬಿಟ್ಟಿಲ್ಲ. ಆದರೂ ಅದು ಇವತ್ತಿಗೂ ಅಧಿಕೃತ ಪಟ್ಟಿಯ ಹೊರಗೆ, ಕಾಯೋರ ಸಾಲಲ್ಲೇ ನಿಂತಿದೆ.

ಯಾಕೆ ಹೀಗಾಯ್ತು? ಆರು ಭಾಗಗಳಲ್ಲಿ ಹೇಳ್ತೀನಿ. ಬನ್ನಿ 👇

📌 2/6

ಮೊದಲು ಒಂದು ಹಳೇ ಒಗಟು. 1858ರಲ್ಲಿ ಇಂಗ್ಲೆಂಡಿನ ಥಾಮಸ್ ಹೆನ್ರಿ ಹಕ್ಸ್‌ಲಿ ಗಿಡಹೇನಿನ ಹೊಟ್ಟೆ ಸೀಳಿ ನೋಡಿದಾಗ ಮೊಟ್ಟೆಯ ಹಳದಿ ಭಾಗದ ಹಾಗೆ ಕಾಣೋ ಒಂದು ಮುದ್ದೆ ಕಂಡಿತು. ಗಿಡಹೇನು ಅಂದ್ರೆ ಅವರೆ, ಅಲಸಂದೆ ಗಿಡಕ್ಕೆ ಮುತ್ತಿಕೊಳ್ಳುತ್ತಲ್ಲ, ಅದೇ. ಆ ಮುದ್ದೆಗೆ ಅವರು 'ಹುಸಿ ಹಳದಿ' ಅನ್ನೋ ಅರ್ಥದ ಹೆಸರು ಕೊಟ್ಟರು. ಅದರೊಳಗೆ ಬೇರೆ ಜೀವಿಗಳು ವಾಸ ಮಾಡ್ತಿವೆ ಅನ್ನೋದು ಅವರಿಗೆ ಹೊಳೆಯಲಿಲ್ಲ.

ಐವತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಹಾಗೇ ಉಳೀತು. 1910ರಲ್ಲಿ ಇಟಲಿಯ ಪಿಯೆರಾಂಟೋನಿ, ಚೆಕ್ ವಿಜ್ಞಾನಿ ಶುಲ್ತ್ಸ್ ಇಬ್ಬರೂ ಬೇರೆ ಬೇರೆಯಾಗಿ ಒಂದೇ ವರ್ಷ ಹೇಳಿದರು: "ಇದು ಕೀಟದ ಅಂಗಾಂಶ ಮಾತ್ರ ಅಲ್ಲ, ಒಳಗೆ ಸೂಕ್ಷ್ಮಜೀವಿಗಳ ವಸತಿ ಇದೆ." ಶುಲ್ತ್ಸ್ ಅವನ್ನು ಯೀಸ್ಟ್ ಅಂದುಕೊಂಡರು. ತಪ್ಪಾಗಿತ್ತು. ಆದ್ರೆ ಬರೀ ಕಣ್ಣಲ್ಲಿ, ಆಕಾರ ನೋಡಿ ವರ್ಗೀಕರಣ ಮಾಡೋ ಕಾಲ ಅದು. ದುಂಡಗಿದ್ದದ್ದು ಯೀಸ್ಟ್ ಥರ ಕಂಡರೆ ತಪ್ಪೇನು, ಹೇಳಿ?

ಆಮೇಲೆ ಜರ್ಮನಿಯ ಪೌಲ್ ಬುಖ್ನರ್ ಬಂದರು. 1886ರಲ್ಲಿ ಹುಟ್ಟಿ 1978ರವರೆಗೆ ಬದುಕಿದ ಇವರು ತಮ್ಮ ಆಯುಷ್ಯದ ಬಹುಪಾಲನ್ನ ಕೀಟಗಳ ಒಳಗಿನ ಈ ಸಹಜೀವಿಗಳಿಗೇ ಕೊಟ್ಟರು. ಹೇನು, ಜಿರಳೆ, ಇರುವೆ, ಸಿಲ್ಲಾ ಹೀಗೆ ಒಂದಾದ ಮೇಲೊಂದು ಕೀಟವನ್ನ ತೆಳ್ಳಗೆ ಸೀಳಿ, ಬಣ್ಣ ಹಾಕಿ, ಚಿತ್ರ ಬರೆದರು. ತಾಯಿ ಕೀಟ ಮೊಟ್ಟೆಯೊಳಗೇ ಈ ಬ್ಯಾಕ್ಟೀರಿಯಾಗಳನ್ನ ಇಟ್ಟು ಮಕ್ಕಳಿಗೆ ದಾಟಿಸುತ್ತೆ ಅನ್ನೋದನ್ನ ಕೀಟದಿಂದ ಕೀಟಕ್ಕೆ ತೋರಿಸಿದರು. ಅಜ್ಜಿಯ ಹೆಪ್ಪು ಅಮ್ಮನಿಗೆ, ಅಮ್ಮನ ಹೆಪ್ಪು ಮಗಳಿಗೆ ಬಂದ ಹಾಗೆ.

ಒಂದು ತಮಾಷೆ ಗೊತ್ತಾ? ಅವರ ಹೆಸರಾಂತ ಗ್ರಂಥದ ಶೀರ್ಷಿಕೆಯಲ್ಲಿ ಇವನ್ನು 'ಸಸ್ಯ ಸೂಕ್ಷ್ಮಜೀವಿ'ಗಳು ಅಂತ ಕರೆದಿದ್ದಾರೆ. ಯಾಕಂದ್ರೆ ಆಗ ಬ್ಯಾಕ್ಟೀರಿಯಾ ಸಸ್ಯಗಳ ಪಟ್ಟಿಯಲ್ಲೇ ಇತ್ತು! ಇಷ್ಟೆಲ್ಲಾ ನೋಡಿದ ಬುಖ್ನರ್ ಅವರಿಗೂ ಒಂದು ಕೆಲಸ ಕೈಗೂಡಲಿಲ್ಲ. ಆ ಬ್ಯಾಕ್ಟೀರಿಯಾಗಳನ್ನ ಕೀಟದಿಂದ ಹೊರಗೆ ತೆಗೆದು ಬೆಳೆಸೋದು. ಹೊರಗೆ ಬಂದ ತಕ್ಷಣ ಅವು ಸಾಯ್ತಿದ್ದವು.

📌 3/6

ಈಗ ತೋಟಕ್ಕೆ ಬರೋಣ 🍊

ಚೀನಾದ ದಕ್ಷಿಣ ಭಾಗದ ರೈತರು ಕಿತ್ತಳೆ ಗಿಡದ ಒಂದು ಕಾಯಿಲೆಗೆ 'ಹ್ವಾಂಗ್‌ಲಾಂಗ್‌ಬಿಂಗ್' ಅಂತಿದ್ದರು. ಹಳದಿ ಚಿಗುರಿನ ರೋಗ ಅಂತ ಅರ್ಥ. ಒಂದು ಕೊಂಬೆ ಹಳದಿಯಾಗುತ್ತೆ, ಎಲೆ ಮಚ್ಚೆ ಮಚ್ಚೆ ಆಗುತ್ತೆ, ಹಣ್ಣು ಸೊಟ್ಟಗಾಗಿ ಬುಡದಲ್ಲಿ ಹಸಿರಾಗೇ ಉಳಿದು ಕಹಿಯಾಗುತ್ತೆ. ಕೆಲವು ವರ್ಷಗಳಲ್ಲಿ ಮರ ಮುಗೀತು. ದಕ್ಷಿಣ ಆಫ್ರಿಕಾದಲ್ಲಿ ಇದೇ ಥರದ ಕಾಯಿಲೆಗೆ 'ಗ್ರೀನಿಂಗ್' ಅಂದರು. ಭಾರತದಲ್ಲೂ ಕಿತ್ತಳೆ ಮರ ತುದಿಯಿಂದ ಒಣಗುತ್ತಾ ಬರೋದನ್ನ ರೈತರು ನೋಡ್ತಾನೇ ಇದ್ದರು.

ಕಾರಣ ಏನು? ಮಣ್ಣಲ್ಲಿ ಸತುವಿನ ಕೊರತೆ ಅಂದರು ಕೆಲವರು. ನೀರು ನಿಂತಿದ್ದಕ್ಕೆ ಅಂದರು ಇನ್ನು ಕೆಲವರು. ವೈರಸ್ ಅಂದರು ಮತ್ತೊಂದಿಷ್ಟು ಜನ. 1956ರಲ್ಲಿ ಚೀನಾದ ಲಿನ್ ಕುಂಗ್ ಶಿಯಾಂಗ್ ಕಸಿ ಕಟ್ಟಿದರೆ ರೋಗ ದಾಟುತ್ತೆ ಅಂತ ತೋರಿಸಿದರು. ಅಂದ್ರೆ ಇದು ಮಣ್ಣಿನ ತಪ್ಪಲ್ಲ, ಜೀವಂತವಾದ ಯಾವುದೋ ಒಂದು ಹರಡ್ತಾ ಇದೆ. 1965ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಅಲ್ಲಿನ ಸಿಲ್ಲಾ ಸಿಕ್ಕಿಬಿತ್ತು. 1967ರಲ್ಲಿ ನಮ್ಮ ದೇಶದವರೇ ಆದ ಕಪೂರ್, ರಾವ್, ವಿಶ್ವನಾಥ್ ಅನ್ನೋ ಮೂವರು, ಇಲ್ಲಿ ರೋಗ ಹರಡೋದು ಸಿಟ್ರಸ್ ಸಿಲ್ಲಾನೇ ಅಂತ ಪ್ರಕಟಿಸಿದರು. ಹೌದು, ನಿಮ್ಮ ಕರಿಬೇವಿನ ಮೇಲೆ ಓರೆಯಾಗಿ ಕೂತಿದ್ನಲ್ಲ, ಅವನೇ.

ಹುಳ ಸಿಕ್ತು. ಆದ್ರೆ ಹುಳದೊಳಗೆ ಯಾರು?

1970ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಜೋಸೆಫ್ ಬೊವೆ ತಂಡ ರೋಗಿ ಗಿಡದ ರಸನಾಳವನ್ನ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿತು. (ಬೋರ್ಡೋ ಅಂದ ತಕ್ಷಣ ಮಲೆನಾಡಿನವರಿಗೆ ಅಡಿಕೆಗೆ ಹೊಡೆಯೋ ಮದ್ದು ನೆನಪಾಗುತ್ತೆ ಅಲ್ವಾ? ಅದೇ ಊರು!) ಅಲ್ಲಿ ಸಣ್ಣ ಜೀವಕೋಶಗಳು ಕಂಡವು. ಮೊದಲು ಮೈಕೋಪ್ಲಾಸ್ಮಾ, ಅಂದ್ರೆ ಕೋಶಭಿತ್ತಿಯೇ ಇಲ್ಲದ ಬ್ಯಾಕ್ಟೀರಿಯಾ ಅಂದುಕೊಂಡರು. ಆದ್ರೆ ಅದರ ಹೊದಿಕೆ ಸ್ವಲ್ಪ ದಪ್ಪಗಿತ್ತು. ಆಮೇಲೆ ರೋಗಿ ಗಿಡಕ್ಕೆ ಪೆನಿಸಿಲಿನ್ ಕೊಟ್ಟು ನೋಡಿದರು. ಗಿಡ ಸುಧಾರಿಸಿತು. ಪೆನಿಸಿಲಿನ್ ಹೊಡೆಯೋದೇ ಬ್ಯಾಕ್ಟೀರಿಯಾದ ಕೋಶಭಿತ್ತಿಗೆ. ಹಾಗಾದ್ರೆ ಇದಕ್ಕೆ ಕೋಶಭಿತ್ತಿ ಇದೆ!

ನೋಡಿ, ಯಾವ ಗುಂಪಿಗೆ ಸೇರಿದ್ದು ಅನ್ನೋ ಪ್ರಶ್ನೆ ಬರೀ ಪಟ್ಟಿ ಮಾಡೋರ ಹವ್ಯಾಸ ಅಲ್ಲ. ಸತುವಿನ ಕೊರತೆ ಅಂದ್ರೆ ರೈತ ಗೊಬ್ಬರ ಹಾಕ್ತಾನೆ. ಬ್ಯಾಕ್ಟೀರಿಯಾ ಅಂದ್ರೆ ರೋಗದ ಮರ ಕಡಿದು, ಹುಳ ತಡೀತಾನೆ. ತಪ್ಪು ವರ್ಗೀಕರಣಕ್ಕೆ ದುಡ್ಡು ತೆತ್ತವನು ರೈತ.

📌 4/6

ಬ್ಯಾಕ್ಟೀರಿಯಾ ಅಂತ ಗೊತ್ತಾಯ್ತಲ್ಲ, ಹೆಸರಿಡೋಕೆ ಏನು ತೊಂದರೆ? ತೊಂದರೆ ನಿಯಮದಲ್ಲೇ ಇತ್ತು.

ಪಾಠದಲ್ಲಿ ರಾಬರ್ಟ್ ಕಾಖ್ ಬಗ್ಗೆ ಓದಿದ್ದೀವಿ. ರೋಗಾಣುವನ್ನ ಬೇರ್ಪಡಿಸು, ಒಂಟಿಯಾಗಿ ಬೆಳೆಸು, ಆರೋಗ್ಯವಂತ ಜೀವಿಗೆ ಕೊಟ್ಟು ಅದೇ ರೋಗ ಬರಿಸು, ಆಗ ಮಾತ್ರ ಅಪರಾಧಿ ಅದೇ ಅಂತ ಸಾಬೀತು. ಬ್ಯಾಕ್ಟೀರಿಯಾ ಶಾಸ್ತ್ರ ಬೆಳೆದಿದ್ದೇ ಈ 'ಒಂಟಿಯಾಗಿ ಬೆಳೆಸು' ಅನ್ನೋ ಮಂತ್ರದ ಮೇಲೆ. ಹೆಸರಿಡೋ ನಿಯಮವೂ ಅದನ್ನೇ ಹಿಡೀತು. ಎಲ್ಲರೂ ಮನಸ್ಸಿಗೆ ಬಂದ ಹೆಸರಿಟ್ಟು ಗೊಂದಲ ಆಗಿತ್ತು ಅಂತ 1980ರ ಜನವರಿ 1ಕ್ಕೆ ಹೊಸ ಪಟ್ಟಿ ಶುರು ಮಾಡಿದರು. ಹಳೆಯ ರಾಶಿ ರಾಶಿ ಹೆಸರುಗಳಲ್ಲಿ ಎರಡು ಸಾವಿರ ಚಿಲ್ಲರೆ ಮಾತ್ರ ಉಳಿದವು. ಆಮೇಲೆ 2001ರಿಂದ ಇನ್ನೂ ಬಿಗಿ ಆಯ್ತು. ಹೊಸ ಪ್ರಭೇದಕ್ಕೆ ಹೆಸರು ಬೇಕಾ? ಅದರ ಜೀವಂತ ತಳಿಯನ್ನ ಕನಿಷ್ಠ ಎರಡು ಬೇರೆ ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಇಡಿ.

ನಿಯಮ ಕೆಟ್ಟದ್ದಲ್ಲ. ನಾಳೆ ಯಾರಿಗಾದ್ರೂ ಅನುಮಾನ ಬಂದ್ರೆ ತರಿಸಿ ನೋಡಬಹುದಲ್ಲ. ಆದ್ರೆ ಕೀಟದ ಕೋಶದೊಳಗೆ ಕೋಟಿಗಟ್ಟಲೆ ವರ್ಷ ಬದುಕಿ, ಒಂಟಿಯಾಗಿ ಬದುಕೋ ಜೀನ್‌ಗಳನ್ನೇ ಕಳೆದುಕೊಂಡ ಬ್ಯಾಕ್ಟೀರಿಯಾ ಏನ್ಮಾಡಬೇಕು? ಕೂಡುಕುಟುಂಬದಲ್ಲೇ ಇರೋನಿಗೆ "ನಿನ್ನದೇ ಪ್ರತ್ಯೇಕ ರೇಷನ್ ಕಾರ್ಡ್ ತಂದ್ರೆ ಮಾತ್ರ ನೀನು ಮನುಷ್ಯ" ಅಂದ ಹಾಗಾಯ್ತು.

ಗಿಡಹೇನಿನ ಸಹಜೀವಿ ಬಾಗಿಲು ಬಿಗಿಯಾಗೋ ಮೊದಲೇ ಒಳಗೆ ನುಗ್ಗಿತು. 1991ರಲ್ಲಿ ಅಮೆರಿಕದ ಪೌಲ್ ಬೌಮನ್ ತಂಡ ಅದಕ್ಕೆ 'ಬುಖ್ನೆರಾ ಅಫಿಡಿಕೋಲಾ' ಅಂತ ಹೆಸರಿಟ್ಟಿತು. ಬುಖ್ನರ್ ತೀರಿಕೊಂಡು ಹದಿಮೂರು ವರ್ಷ ಆಗಿತ್ತು. ಉಳಿದವಕ್ಕೆ ಅಷ್ಟು ಅದೃಷ್ಟ ಇರಲಿಲ್ಲ.

📌 5/6

ಬೆಳೆಸದೇ ಗುರುತು ಹಿಡಿಯೋ ದಾರಿ ಸಿಕ್ಕಿದ್ದು ಹೇಗೆ?

1977ರಲ್ಲಿ ಅಮೆರಿಕದ ಕಾರ್ಲ್ ವೂಸ್ ಒಂದು ದೊಡ್ಡ ಮಾತು ಹೇಳಿದರು. ಪ್ರೋಟೀನ್ ಕಟ್ಟೋ ಯಂತ್ರ ಎಲ್ಲಾ ಜೀವಿಗಳಲ್ಲೂ ಇದೆ. ಅದರ ಒಂದು ಭಾಗವಾದ ರೈಬೋಸೋಮಿನ ಆರ್‌ಎನ್‌ಎಯನ್ನ ಹೋಲಿಸಿದ್ರೆ ಯಾರು ಯಾರಿಗೆ ನೆಂಟರು ಅಂತ ಗೊತ್ತಾಗುತ್ತೆ. ಆಕಾರ ನೋಡೋದು ಬೇಡ, ಬೆಳೆಸೋದೂ ಬೇಡ, ಆ ಜೀನನ್ನ ಓದಿದ್ರೆ ಸಾಕು. ಬ್ಯಾಕ್ಟೀರಿಯಾದಲ್ಲಿ ಆ ಜೀನಿಗೆ 16ಎಸ್ ಅಂತಾರೆ. ಮುಂದೆ ಪಿಸಿಆರ್ ಬಂದ ಮೇಲೆ ಒಂದು ಹುಳದಿಂದಲೂ ಅದನ್ನ ಓದಬಹುದಾಯ್ತು.

1994ರಲ್ಲಿ ಬೋರ್ಡೋ ತಂಡ ಈ ದಾರಿಯಲ್ಲೇ ಕಿತ್ತಳೆ ರೋಗದ ಬ್ಯಾಕ್ಟೀರಿಯಾವನ್ನ ಹಿಡಿಯಿತು. ಏಷ್ಯಾದ ಪ್ರತಿನಿಧಿಯಾಗಿ ಅವರು ಓದಿದ್ದು ನಮ್ಮ ಪುಣೆಯಿಂದ ಹೋದ ತಳಿ, ಆಫ್ರಿಕಾದ ಪ್ರತಿನಿಧಿ ನೆಲ್‌ಸ್ಪ್ರೂಟ್ ತಳಿ. ಉತ್ತರ ಬಂದಾಗ ಆಶ್ಚರ್ಯ. ಅವರೆ, ಶೇಂಗಾ ಬೇರಿನ ಗಂಟಲ್ಲಿ ಸಾರಜನಕ ಕೊಡೋ ರೈಜೋಬಿಯಂ ಇದೆಯಲ್ಲ, ಈ ಮರ ಕೊಲ್ಲೋ ಬ್ಯಾಕ್ಟೀರಿಯಾ ಅದರ ದಾಯಾದಿ! ಒಂದೇ ವಂಶದಲ್ಲಿ ಒಬ್ಬ ಅನ್ನದಾತ, ಒಬ್ಬ ಯಮ.

ಹೆಸರು? ಅದೇ ವರ್ಷ ಮರ್ರೆ, ಶ್ಲೈಫರ್ ಅನ್ನೋ ಇಬ್ಬರು ಬೆಳೆಸಲಾಗದ ಬ್ಯಾಕ್ಟೀರಿಯಾಗಳಿಗೆ ಒಂದು ಕಾಯೋ ಸಾಲು ಮಾಡಿದರು: 'ಕ್ಯಾಂಡಿಡೇಟಸ್'. ರೋಮಿನಲ್ಲಿ ಚುನಾವಣೆಗೆ ನಿಲ್ಲೋರು ಬೆಳ್ಳನೆ ನಿಲುವಂಗಿ ಹಾಕ್ತಿದ್ದರು, ಆ ಬಿಳುಪಿನ ಲ್ಯಾಟಿನ್ ಪದದಿಂದಲೇ ನಮ್ಮ ಕ್ಯಾಂಡಿಡೇಟ್ ಬಂದಿದ್ದು. ಅಂದ್ರೆ ಅಭ್ಯರ್ಥಿ. ಗೆದ್ದಿಲ್ಲ, ಸೋತೂ ಇಲ್ಲ. ಕಿತ್ತಳೆ ರೋಗಾಣು ಆ ಸಾಲಿನ ಮೊದಮೊದಲ ಅಭ್ಯರ್ಥಿಗಳಲ್ಲಿ ಒಂದು. ಲ್ಯಾಟಿನ್ ವ್ಯಾಕರಣ ಸರಿ ಮಾಡಿದ ಮೇಲೆ ಅದು 'ಕ್ಯಾಂಡಿಡೇಟಸ್ ಲಿಬೆರಿಬ್ಯಾಕ್ಟರ್ ಏಷಿಯಾಟಿಕಸ್' ಆಯ್ತು. 'ಲಿಬೆರ್' ಅಂದ್ರೆ ತೊಗಟೆ.

ಅದೇ ಹುಳದೊಳಗೆ ಇನ್ನಿಬ್ಬರು ಇದ್ದಾರೆ. ಒಬ್ಬಳು 'ಕಾರ್ಸೊನೆಲ್ಲಾ ರಡ್ಡಿಯೈ', 2000ದಲ್ಲಿ ಕೊಟ್ಟ ಹೆಸರು. ಕೀಟನಾಶಕದ ಅಪಾಯದ ಬಗ್ಗೆ ಎಚ್ಚರಿಸಿದ ರೇಚಲ್ ಕಾರ್ಸನ್ ಮತ್ತು ರಾಬರ್ಟ್ ರಡ್ ನೆನಪಿಗೆ. ಮದ್ದು ಹೊಡೆಸಿಕೊಳ್ಳೋ ಹುಳದ ಹೊಟ್ಟೆಯಲ್ಲೇ ಆ ಹೆಸರು! ರಸದಲ್ಲಿ ಸಿಗದ ಅಮೈನೋ ಆಮ್ಲಗಳನ್ನ ಹುಳಕ್ಕೆ ಮಾಡಿಕೊಡೋದು ಇವಳ ಕೆಲಸ. ಮತ್ತೊಬ್ಬ 'ಪ್ರೊಫ್ಟೆಲ್ಲಾ ಆರ್ಮಚುರಾ', 2013ರಲ್ಲಿ ಸಿಕ್ಕವನು. ವಿಷ ತಯಾರಿಸಿ ಹುಳವನ್ನ ಕಾಯ್ತಾನೆ. ಕಾರ್ಸೊನೆಲ್ಲಾ ನಮ್ಮ ಕರುಳಿನ ಇ. ಕೋಲಿ ಕಡೆಯ ನೆಂಟಳು, ಪ್ರೊಫ್ಟೆಲ್ಲಾ ಇನ್ನೊಂದೇ ಗುಂಪಿನವನು. ಒಂದೇ ಹುಳ, ಮೂರು ಬೇರೆ ಬೇರೆ ವಂಶ. ಮೂವರೂ ಅಭ್ಯರ್ಥಿಗಳೇ.

📌 6/6

ಈಗೇನಾಗಿದೆ?

2009ರಲ್ಲಿ ಏಷಿಯಾಟಿಕಸ್‌ನ ಪೂರ್ತಿ ಜೀನೋಮ್ ಓದಿದರು. ಸುಮಾರು 12.3 ಲಕ್ಷ ಅಕ್ಷರ. ಡಿಎನ್‌ಎ ತೆಗೆದಿದ್ದು ಸೋಂಕಿದ ಒಂದೇ ಒಂದು ಸಿಲ್ಲಾದಿಂದ! 2014ರಲ್ಲಿ ಅದರ ರೋಗ ತರದ ಸೋದರಸಂಬಂಧಿ 'ಲಿಬೆರಿಬ್ಯಾಕ್ಟರ್ ಕ್ರೆಸೆನ್ಸ್' ಪ್ರಯೋಗಾಲಯದಲ್ಲಿ ಬೆಳೆದು ಅಧಿಕೃತ ಹೆಸರು ಪಡೀತು. ಪಾಪದವನಿಗೆ ಪಟ್ಟ, ಕೊಲೆಗಾರ ಇನ್ನೂ ಅಭ್ಯರ್ಥಿ. 2022ರಲ್ಲಿ ಒಂದಿಷ್ಟು ವಿಜ್ಞಾನಿಗಳು 'ಸೀಕ್‌ಕೋಡ್' ಅನ್ನೋ ಬೇರೆ ನಿಯಮಾವಳಿ ತಂದರು. ಅದರಲ್ಲಿ ಜೀವಂತ ತಳಿಯ ಬದಲು ಒಳ್ಳೆಯ ಜೀನೋಮ್ ಇದ್ರೂ ಹೆಸರು ಕೊಡಬಹುದು. ಹಳೇ ನಿಯಮವೂ ಇದೆ, ಹೊಸದೂ ಇದೆ. ಜಗಳವೂ ಇದೆ 😅

ಇತ್ತ ತೋಟದಲ್ಲಿ ಜೀವ ಹೋಗ್ತಾ ಇದೆ. ಅಮೆರಿಕದ ಫ್ಲೋರಿಡಾದಲ್ಲಿ ರೋಗ ಕಂಡಿದ್ದು 2005ರಲ್ಲಿ. 2003–04ರಲ್ಲಿ ಅಲ್ಲಿ 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದಿದ್ದರು. 2022–23ಕ್ಕೆ 2 ಕೋಟಿಗೂ ಕಡಿಮೆ. ಚಂಡಮಾರುತಗಳ ಪಾಲೂ ಇದೆ, ಆದ್ರೆ ದೊಡ್ಡ ಪಾಲು ಈ ರೋಗದ್ದು. ಕೊಡಗಿನಲ್ಲಿ ಕಾಫಿ ನೆರಳಲ್ಲಿ ಬೆಳೀತಿದ್ದ, ಸಿಪ್ಪೆ ಸಡಿಲವಾಗಿರೋ ಆ ಕಿತ್ತಳೆ ಕಡಿಮೆಯಾಗಿದ್ದಕ್ಕೆ ಕಾರಣ ಒಂದೇ ಅಲ್ಲ, ಆದ್ರೆ ಗ್ರೀನಿಂಗ್ ಆ ಕಾರಣಗಳಲ್ಲಿ ದೊಡ್ಡದು.

ಹಾಗಾದ್ರೆ ಹೆಸರಿಟ್ಟು ಏನು ಬಂತು? ಮರ ವಾಸಿಯಾಗಲಿಲ್ಲ, ನಿಜ. ಆದ್ರೆ 16ಎಸ್ ಗೊತ್ತಾದ್ಮೇಲೆ ಎಲೆ ಹಳದಿಯಾಗೋ ಮೊದಲೇ ಸಸಿ ಪರೀಕ್ಷೆ ಮಾಡಬಹುದಾಯ್ತು. ಕಸಿ ಕಡ್ಡಿ ಶುದ್ಧವೋ ಅಲ್ಲವೋ ಅಂತ ನರ್ಸರಿಯಲ್ಲೇ ಹೇಳಬಹುದಾಯ್ತು. ಅಪ್ಪ ಸಾಲ ಮಾಡಿ ನೂರು ಸಸಿ ತರೋ ಮನೆಯವರನ್ನ ಕೇಳಿ, ಈ ಒಂದು ಪರೀಕ್ಷೆಯ ಬೆಲೆ ಎಷ್ಟು ಅಂತ. ಒಂಟಿಯಾಗಿ ಬದುಕೋದನ್ನ ಮಾತ್ರ ಲೆಕ್ಕಕ್ಕೆ ತಗೊಂಡ ನಿಯಮ, ಜೊತೆಯಾಗಿ ಬದುಕೋರನ್ನ ಬಹಳ ಕಾಲ ಹೊರಗೆ ನಿಲ್ಲಿಸಿತು. ಬೆಳೆಸೋಕೆ ಆಗಲ್ಲ ಅಂತ ಅವು ಇಲ್ಲದೇ ಹೋಗಲಿಲ್ಲ. ಹುಡುಕೋ ದಾರಿ ನಾವೇ ಬದಲಿಸಬೇಕಾಯ್ತು.

ನಾಳೆ ಕರಿಬೇವು ಕೀಳೋಕೆ ಹೋದಾಗ ಚಿಗುರು ನೋಡ್ತೀರಾ ತಾನೇ? ಓರೆ ಹುಳ ಕಂಡ್ರೆ ಫೋಟೋ ತೆಗೆದು ಟ್ಯಾಗ್ ಮಾಡಿ. ನಿಮ್ಮೂರಲ್ಲಿ ಕಿತ್ತಳೆ ತೋಟ ಇತ್ತಾ, ಈಗ ಇದ್ಯಾ? ಅಜ್ಜ-ಅಜ್ಜಿಯನ್ನ ಕೇಳಿ ಕಾಮೆಂಟ್‌ನಲ್ಲಿ ಬರೀರಿ 🍊

#ಕನ್ನಡದಲ್ಲಿವಿಜ್ಞಾನ #ವಿಜ್ಞಾನದಇತಿಹಾಸ #ಕೊಡಗಿನಕಿತ್ತಳೆ