ಗಾತೂನ್ ಸರೋವರ: ನೀರು ನಿಂತ ಮೇಲಿನ ಚರಿತ್ರೆ

ಅಣೆಕಟ್ಟು ಎಂದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಕನ್ನಂಬಾಡಿ, ಮಲೆನಾಡಿನವರಿಗಾದರೆ ಲಿಂಗನಮಕ್ಕಿ. ಇಂಥ ಕಟ್ಟೆಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಉದ್ಘಾಟನೆಯ ದಿನಕ್ಕೇ ಮುಗಿಸಿಬಿಡುತ್ತೇವೆ. ನೀರು ನಿಂತ ಮೇಲೆ ಅದರೊಳಗೂ ಅದರ ದಡದಲ್ಲೂ ಏನಾಯಿತೆಂಬುದನ್ನು ತಲೆಮಾರುಗಳ ಕಾಲ ಬರೆದಿಟ್ಟ ಉದಾಹರಣೆಗಳು ವಿರಳ. ಪನಾಮದ ಗಾತೂನ್ ಸರೋವರ ಅಂಥವುಗಳಲ್ಲಿ ಒಂದು.

ಚಾಗ್ರೆಸ್ ನದಿಗೆ ಅಮೆರಿಕನ್ನರು ಕಟ್ಟಿದ ಅಣೆಕಟ್ಟಿನ ಹಿಂದೆ 1913ರ ಹೊತ್ತಿಗೆ ಸುಮಾರು 425 ಚದರ ಕಿಲೋಮೀಟರ್ ನೀರು ಹರಡಿಕೊಂಡಿತು. ಸಮುದ್ರಮಟ್ಟಕ್ಕಿಂತ 26 ಮೀಟರ್ ಎತ್ತರದ ಈ ನೀರಿನ ಮೇಲೆಯೇ 1914ರ ಆಗಸ್ಟ್ 15ರಿಂದ ಹಡಗುಗಳು ಒಂದು ಸಾಗರದಿಂದ ಇನ್ನೊಂದಕ್ಕೆ ದಾಟುತ್ತಿವೆ. ನದಿದಂಡೆಯ ಹಳೆಯ ಊರುಗಳ ಜನರನ್ನು ಒಕ್ಕಲೆಬ್ಬಿಸಲಾಯಿತು. ಶರಾವತಿ ಕಣಿವೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗುಡ್ಡಗಳ ನೆತ್ತಿಗಳು ಮಾತ್ರ ದ್ವೀಪಗಳಾಗಿ ಉಳಿದವು. ಅವುಗಳಲ್ಲೊಂದಾದ, ಸುಮಾರು 1,500 ಹೆಕ್ಟೇರಿನ ಬಾರೊ ಕೊಲರಾಡೊವನ್ನು 1923ರಲ್ಲಿ ಸಂಶೋಧನೆಗೆಂದು ಕಾಯ್ದಿರಿಸಿದರು. 1946ರಿಂದ ಅದು ಸ್ಮಿತ್ಸೋನಿಯನ್ ಸಂಸ್ಥೆಯ ಆಡಳಿತದಲ್ಲಿದೆ.

ಕೊಡಲಿ ಹಾಕದೆ ಬಿಟ್ಟರೆ ಕಾಡು ಇದ್ದಂತೆಯೇ ಇರುವುದೆಂದು ಯಾರಾದರೂ ನಿರೀಕ್ಷಿಸಿಯಾರು. ಹಾಗಾಗಲಿಲ್ಲ. 1999ರ ವೇಳೆಗೆ 65 ಜಾತಿಯ ಹಕ್ಕಿಗಳು ದ್ವೀಪದಿಂದ ಮರೆಯಾಗಿದ್ದವು. ಬಯಲನ್ನು ಬಯಸುವ ಕೆಲವು, ಮರಗಳು ದಟ್ಟೈಸಿದಂತೆ ನೆಲೆ ಕಳೆದುಕೊಂಡವು. ಅದು ಅರ್ಥವಾಗುವ ಮಾತು. ವಿಸ್ಮಯವೆಂದರೆ ದಟ್ಟ ಕಾಡಿನಲ್ಲೇ ಬಾಳುವ ಹಕ್ಕಿಗಳೂ ಹೋದವು. 2008ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದಕ್ಕೆ ಕಾರಣ ತೋರಿಸಿತು. ಹಕ್ಕಿಗಳನ್ನು ದೋಣಿಯಲ್ಲಿ ಒಯ್ದು ದಡದಿಂದ ನೂರು ಮೀಟರ್ ದೂರದಲ್ಲಿ ಹಾರಿಬಿಟ್ಟಾಗ ಕೆಲವು ಜಾತಿಗಳವು ಅಷ್ಟನ್ನೂ ದಾಟಲಾರದೆ ಸೋತವು. ರೆಕ್ಕೆಯಿದ್ದೂ ಅವುಗಳಿಗೆ ನೀರು ಗೋಡೆಯಾಗಿತ್ತು. ದ್ವೀಪದಲ್ಲಿ ಸಂತತಿ ಅಳಿದರೆ ಆಚೆ ದಡದಿಂದ ಬಂದು ತುಂಬುವವರಿಲ್ಲ.

ನೀರಿನೊಳಗಿನ ಕತೆ ಇನ್ನೂ ಕಠೋರ. 1960ರ ದಶಕದ ಕೊನೆಯಲ್ಲಿ ದಕ್ಷಿಣ ಅಮೆರಿಕದ ಪೀಕಾಕ್ ಬಾಸ್ ಎಂಬ ಬೇಟೆಮೀನು ಸರೋವರವನ್ನು ಹೊಕ್ಕಿತು. ಕೆಲವೇ ವರ್ಷಗಳಲ್ಲಿ ಸಣ್ಣ ಮೀನುಗಳು ಬರಿದಾದವು. ಅವುಗಳನ್ನು ನಂಬಿದ್ದ ನೀರುಹಕ್ಕಿಗಳೂ ವಿರಳವಾದವು. ಝಾರೆಟ್ ಮತ್ತು ಪೇಯ್ನ್ 1973ರಲ್ಲಿ ಇದನ್ನು ವರದಿ ಮಾಡಿದರು. ಕಾಲ ಕಳೆದಂತೆ ಸರೋವರ ಚೇತರಿಸಿಕೊಂಡಿತೇ? ನಲವತ್ತೈದು ವರ್ಷಗಳ ಬಳಿಕ ಮತ್ತೆ ಬಲೆ ಹಾಕಿ ನೋಡಿದವರು 2017ರಲ್ಲಿ ಕೊಟ್ಟ ಉತ್ತರ, ಇಲ್ಲ. ಹಳೆಯ ಎಣಿಕೆ ಉಳಿದಿರದಿದ್ದರೆ ಇಂದಿನ ಬಡತನವನ್ನೇ ನಾವು ಸಹಜಸ್ಥಿತಿಯೆಂದು ತಿಳಿಯುತ್ತಿದ್ದೆವು.

ಈ ದ್ವೀಪಕ್ಕೂ ಬೆಂಗಳೂರಿಗೂ ಒಂದು ನಂಟಿದೆ. 1980ರಲ್ಲಿ ಹಬ್ಬೆಲ್ ಮತ್ತು ಫಾಸ್ಟರ್ ಇಲ್ಲಿ 50 ಹೆಕ್ಟೇರ್ ಕಾಡನ್ನು ಗುರುತಿಸಿ, ಒಂದು ಸೆಂಟಿಮೀಟರ್ ದಪ್ಪದ ಗಿಡವನ್ನೂ ಬಿಡದೆ ಅಳೆದು ದಾಖಲಿಸುವ ಕೆಲಸಕ್ಕೆ ತೊಡಗಿದರು. ಅದೇ ಮಾದರಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ಆರ್. ಸುಕುಮಾರ್ ಮತ್ತು ಸಂಗಡಿಗರು 1988ರಲ್ಲಿ ಬಂಡೀಪುರದ ನೆರೆಯ ಮುದುಮಲೆಯಲ್ಲಿ 50 ಹೆಕ್ಟೇರ್ ಗುರುತಿಸಿದರು. ಆನೆ ಮುರಿದ, ಬೆಂಕಿ ಸುಟ್ಟ ಗಿಡಗಳ ಲೆಕ್ಕವೂ ಅಲ್ಲಿ ಸೇರಿದೆ.

2023ರ ಬರದಲ್ಲಿ ಗಾತೂನ್ ಎಷ್ಟು ಇಳಿಯಿತೆಂದರೆ, ದಿನಕ್ಕೆ 36ರಷ್ಟಿದ್ದ ಹಡಗುಗಳ ಸಂಚಾರವನ್ನು ಡಿಸೆಂಬರಿನಲ್ಲಿ 22ಕ್ಕೆ ಇಳಿಸಬೇಕಾಯಿತು. ಪ್ರತಿ ಹಡಗು ದಾಟುವಾಗಲೂ ಸಿಹಿನೀರು ಕಡಲು ಸೇರುತ್ತದೆ. ಕುಡಿಯುವ ನೀರಿಗೂ ಈ ಸರೋವರವನ್ನು ನೆಚ್ಚಿಕೊಂಡವರಿದ್ದಾರೆ. ಆದ್ದರಿಂದ ಕಾಲುವೆಯ ಆಡಳಿತವು ಇಂಡಿಯೊ ನದಿಗೂ ಅಣೆಕಟ್ಟು ಕಟ್ಟುವ ಯೋಜನೆ ಹಾಕಿದೆ. ಮುಳುಗಲಿರುವ ಆ ಕಣಿವೆಯ ರೈತರು ಅದನ್ನು ವಿರೋಧಿಸಿದ್ದಾರೆ.